ಅಕ್ರೋಟು ಮರದ ಕೆಳಗೆ ನಿಲ್ಲಿಸಬಾರದು

ಯಾಕೋಬನ ಪರೀಕ್ಷೆಯ ತಿಂಗಳು ಮುಗಿಯುವ ದಿನ ಅವನಿಗೆ ಹೆದರಿಕೆ, ನನಗೆ ಸಿಟ್ಟು. ಅವನು ಟ್ರಾಲಿಬಸ್ಸಿನ ಹೊಸ ಡ್ರೈವರ್. ನಾನು ಝೀನಾ, ಹದಿನೆಂಟು ವರ್ಷದಿಂದ ಕಿಶಿನೌ ಊರಿಗೆ ಟಿಕೆಟ್ ಹರಿದುಕೊಟ್ಟವಳು. ನನ್ನ ಬಾಯಿಗೆ ಹೆದರದವರು ಈ ಊರಲ್ಲಿ ಕಡಿಮೆ.

ಯಾಕೋಬ್ ಒಳ್ಳೆಯವನು. ಅವನ ಕಾಯಿಲೆಯೇ ಅದು. ಇದೇ ದಾರಿಯಲ್ಲಿ ಇಪ್ಪತ್ತು ವರ್ಷ ಡೀಸೆಲ್ ಮಿನಿಬಸ್ ಓಡಿಸಿದ್ದ. ಮಿನಿಬಸ್ಸಿಗೆ ಸ್ಟಾಪ್ ಎಂಬುದೆಲ್ಲಿ? "ಯಾಕೋಬ್, ಬೇಕರಿ ಹತ್ರ!" ಎಂದರೆ ಬೇಕರಿ, "ನಮ್ಮನೆ ಬಾಗ್ಲಿಗೇ ಹಾಕಪ್ಪ!" ಎಂದರೆ ಬಾಗಿಲು. ಇಳಿಸಿ ಹೊರಟನೆಂದರೆ ಹಿಂದೆ ಕರಿ ಹೊಗೆ. ಇಳಿದವರು ತಲೆವಸ್ತ್ರದಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಾ ನಿಲ್ಲುತ್ತಿದ್ದರು. ಕೊನೆಗೆ ಗುಡ್ಡದ ಮೇಲಿನವರೆಗೂ ಟ್ರಾಲಿಬಸ್ಸಿಗೆ ಕರೆಂಟು ಕೊಡುವ ತಂತಿ ಎಳೆದರು, ಮಿನಿಬಸ್ಸು ಮೂಲೆ ಸೇರಿತು. ಯಾಕೋಬ್ ಐವತ್ತೆರಡನೇ ವಯಸ್ಸಿಗೆ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಟ್ರಾಲಿಬಸ್ ಕಲಿತ. ಆ ಧೈರ್ಯಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೆ. ಅವನ ಮುಂದೆ ಮಾತ್ರ ಹೇಳಿರಲಿಲ್ಲ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಕೊನೆಯ ಸ್ಟಾಪಿಗೆ ಎಂಬತ್ತು ಹೆಜ್ಜೆ ಮೊದಲು ಒಂದು ಅಕ್ರೋಟು ಮರ. ಅಲ್ಲಿ ಮೇಲಿನ ತಂತಿ ಎರಡಾಗಿ ಕವಲೊಡೆಯುತ್ತದೆ, ಆ ಒಂದು ಮಾರು ಜಾಗದಲ್ಲಿ ಕರೆಂಟಿಲ್ಲ. ಓಡುತ್ತಿರುವ ಬಸ್ಸು ಅದೇ ಓಟದಲ್ಲಿ ದಾಟಿಬಿಡುತ್ತದೆ. ನಿಂತಿತೋ, ಎತ್ತು ಬಿಚ್ಚಿದ ಗಾಡಿ. ಸರಿಯಾಗಿ ಆ ಮರದ ಎದುರಿಗೇ ಅಗಾಫಿಯಾ ಅಜ್ಜಿಯ ಗೇಟು. "ಇಲ್ಲೇ ಕಣೋ ಮಗಾ" ಎಂದು ಅಜ್ಜಿ ಎರಡು ಸಲ ಕೂಗಿದ್ದಳು, ಎರಡು ಸಲವೂ ಇವನು ಬ್ರೇಕ್ ಒತ್ತಿದ್ದ. ಎರಡು ಸಲವೂ ಪ್ರಯಾಣಿಕರೆಲ್ಲ ಇಳಿದು ಬಸ್ಸು ತಳ್ಳಿದ್ದರು.

"ಮೂರನೇ ಸಲ ತಳ್ಳಿಸ್ದೆ ಅಂದ್ರೆ ನಾಳೆಯಿಂದ ಡಿಪೋ ಕಡೆ ತಲೆ ಹಾಕ್ಬೇಡ" ಎಂದಿದ್ದ ಮೇಲ್ವಿಚಾರಕ ಪಾವ್ಲೆಂಕೊ. ಆ ದಿನ ಅವನೇ ಕಾಗದ ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದ.

ನಾನು ಬೆಳಿಗ್ಗೆಯೇ ದಿನದ ಗಿರಾಕಿಗಳಿಗೆಲ್ಲ ಹೇಳಿಟ್ಟಿದ್ದೆ: "ಇವತ್ತು ಯಾರಾದ್ರೂ ‘ಇಲ್ಲೇ ನಿಲ್ಸು’ ಅಂದ್ರೆ ಟಿಕೆಟ್ ಅಲ್ಲ, ನಾಲಿಗೆ ಹರೀತೀನಿ."

ಸಂತೆಯ ಹತ್ತಿರ ಅಗಾಫಿಯಾ ಅಜ್ಜಿ ಹತ್ತಿದಳು. ಕೈಯಲ್ಲಿ ಬಕೆಟ್ ತುಂಬ ಚೆರಿ ಹಣ್ಣು.

"ಅಜ್ಜಿ, ಇವತ್ತು ಸ್ಟಾಪ್ ತನಕ ಬಾ. ಅವನ ಕೆಲ್ಸದ ಪ್ರಶ್ನೆ" ಎಂದೆ ಕಿವಿಯಲ್ಲಿ.

"ನನ್ ಮಂಡಿ ಪ್ರಶ್ನೆ ಯಾರು ಕೇಳ್ತಾರೆ?"

"ಎಂಬತ್ತೇ ಹೆಜ್ಜೆ ಅಜ್ಜಿ."

"ನಿಂಗೆ ಎಂಬತ್ತು. ನಂಗೆ ನೂರರವತ್ತು. ಹೋಗೇ, ನನಗೆ ಬುದ್ಧಿ ಹೇಳೋಕೆ ಬಂದ್ಲು." ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಬಸ್ಸು ಗುಡ್ಡ ಏರಿತು. ಬೇಕರಿಯವರು ಬಾಯಿ ಬಿಗಿದುಕೊಂಡು ಬೇಕರಿ ದಾಟಿದರು. ಔಷಧಿ ಅಂಗಡಿಯ ಲ್ಯೂಬಾ ತುಟಿ ಕಚ್ಚಿಕೊಂಡೇ ಮುಂದಿನ ಸ್ಟಾಪಿನಲ್ಲಿ ಇಳಿದಳು. ಅಕ್ರೋಟು ಮರ ಕಂಡಿತು. ಅಜ್ಜಿ ಎದ್ದು, ಬಕೆಟ್ ಎತ್ತಿಕೊಂಡು, ಬಾಗಿಲ ಬಳಿ ಬಂದಳು. ಬಾಯಿ ಮಾತ್ರ ತೆರೆಯಲಿಲ್ಲ.

ಆದರೆ ಬಸ್ಸಿನ ವೇಗ ಇಳಿಯಿತು.

ಯಾರೂ ಕೂಗಿರಲಿಲ್ಲ. ಕನ್ನಡಿಯಲ್ಲಿ ಅಜ್ಜಿಯನ್ನೂ ಬಕೆಟ್ಟನ್ನೂ ಕಂಡು ಯಾಕೋಬನ ಕಾಲು ತಾನೇ ಬ್ರೇಕಿನ ಕಡೆ ಹೋಗಿತ್ತು. ಎಲ್ಲರ ನಾಲಿಗೆ ಕಟ್ಟಿದ್ದೆ, ಇವನ ಕಾಲು ಕಟ್ಟಲು ಮರೆತಿದ್ದೆ! ಪಾವ್ಲೆಂಕೊ ಪೆನ್ನಿನ ಮುಚ್ಚಳ ತೆಗೆದ.

"ಏಯ್ ಯಾಕೋಬ್!" ಅಜ್ಜಿ ಸಂತೆಯ ಗಂಟಲಲ್ಲಿ ಅರಚಿದಳು. "ನಿಲ್ಸಿದ್ರೆ ಈ ಬಕೆಟ್ ನಿನ್ ತಲೆ ಮೇಲೆ ಸುರೀತೀನಿ! ನಡಿಯೋ ಮುಂದೆ! ನಂಗೇನ್ ಕಾಲಿಲ್ವಾ?"

ಯಾಕೋಬ್ ಬೆಚ್ಚಿಬಿದ್ದು ಕಾಲು ತೆಗೆದ. ಮೇಲೆ ತಂತಿಯಲ್ಲಿ ಟಕ್ ಎಂದಿತು. ಬಸ್ಸು ಉಳಿದ ಓಟದಲ್ಲೇ ತೆವಳಿ, ಇನ್ನೇನು ನಿಂತೇ ಹೋಯಿತು ಎನ್ನುವಾಗ ಕರೆಂಟು ಹಿಡಿದು ಮುಂದಕ್ಕೆ ಜಿಗಿಯಿತು. ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ಬಂದರೆ ಬರಲಿ ಎಂದು ಅತ್ತೆ.

ಕೊನೆಯ ಸ್ಟಾಪಿನಲ್ಲಿ ಪಾವ್ಲೆಂಕೊ ಕಾಗದಕ್ಕೆ ಸಹಿ ಹಾಕಿದ. "ಪಾಸಾಗಿದ್ದು ನೀನಲ್ಲ, ಆ ಮುದುಕಿ" ಎಂದು ಗೊಣಗಿ, ಅಜ್ಜಿ ಕೊಟ್ಟ ಹಿಡಿ ಚೆರಿ ತಿನ್ನುತ್ತಾ ಇಳಿದುಹೋದ.

"ಎರಡು ಕಡೆ ಕೂತು ಹೋಗ್ತೀನಿ, ಆಯ್ತೇನೆ?" ಎಂದು ನನ್ನನ್ನು ಮೂದಲಿಸಿ ಅಜ್ಜಿಯೂ ಇಳಿದಳು. ಎಂಟು ನಿಮಿಷ ಬಸ್ಸು ಅಲ್ಲೇ ನಿಲ್ಲಬೇಕು. ಅಜ್ಜಿ ನಡುವೆ ಎರಡು ಕಡೆ ಗೋಡೆಗಟ್ಟೆಯ ಮೇಲೆ ಕೂತು, ಮತ್ತೆ ಎದ್ದು, ಬಿಸಿಲಲ್ಲಿ ನಿಧಾನ ಹಿಂದಕ್ಕೆ ನಡೆದಳು.

ನಾನು ಡ್ರೈವರ್ ಸೀಟಿನ ಬಳಿ ಹೋದೆ. "ಏನಯ್ಯಾ, ಕೆಲ್ಸ ಗಟ್ಟಿಯಾಯ್ತು, ಒಂದು ನಗು ಬೇಡ್ವಾ?"

ಯಾಕೋಬ್ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಝೀನಾ, ನೋಡಿಲ್ಲಿ."

ಅಜ್ಜಿ ಮರದ ಕೆಳಗೆ ಬಕೆಟ್ ಇಳಿಸಿ, ಗೇಟಿನ ಚಿಲಕ ತೆಗೆದು, ನಮ್ಮ ಕಡೆ ತಿರುಗಿ ಕೈ ಬೀಸಿದಳು. ಆಮೇಲೆ ಒಳಗೆ ಹೋದಳು.

"ಮಿನಿಬಸ್ ಇಳಿದಾಗ್ಲೂ ದಿನಾ ಹೀಗೇ ಕೈ ಬೀಸ್ತಿದ್ಲಂತೆ. ಈಗ ಇಳಿಯುವಾಗ ಹೇಳಿದ್ಲು" ಎಂದ ಯಾಕೋಬ್. "ಇಪ್ಪತ್ತು ವರ್ಷ ಝೀನಾ. ನನ್ ಹೊಗೇಲಿ ನಂಗೆ ಒಂದ್ಸಲಾನೂ ಕಾಣ್ಲಿಲ್ಲ."