ಅಷ್ಟು ಚಿಕ್ಕ ತೂತು

ಊರಿನವರ ಬಾಯಲ್ಲಿ ಅವಳ ಹೆಸರು ಬಾಳೆಹಣ್ಣಿನ ಮೇಡಂ. ಹೆತ್ತವರು ಇಟ್ಟ ಹೆಸರನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾಲೇಜಿನಲ್ಲಿ ಕಾಂಡೋಮ್ ಹಾಕುವ ಕ್ರಮವನ್ನು ತೋರಿಸಬೇಕಿತ್ತು. ಆರೋಗ್ಯ ಕೇಂದ್ರದವರು ಕೊಟ್ಟಿದ್ದ ಮರದ ಮಾದರಿಯನ್ನು ಮನೆಯಲ್ಲೇ ಮರೆತು ಹೋಗಿದ್ದಳು. ಕ್ಯಾಂಟೀನಿನಿಂದ ಒಂದು ಬಾಳೆಹಣ್ಣು ತರಿಸಿ ಪಾಠ ಮುಗಿಸಿದಳು. ಆಮೇಲೆ ಹಸಿವು ತಡೆಯಲಾರದೆ ಆ ಮಾದರಿಯನ್ನು ಎಲ್ಲರೆದುರಿಗೇ ಸುಲಿದು ತಿಂದುಬಿಟ್ಟಳು. ಅಂದಿನಿಂದ ಮರದ ಮಾದರಿ ಅಟ್ಟ ಸೇರಿತು, ಹೆಸರು ಮಾತ್ರ ಅವಳಿಗೆ ಅಂಟಿಕೊಂಡಿತು.

ನಾಚಿಕೆ ಎಂಬುದನ್ನು ಅವಳು ಎಲ್ಲೋ ಒತ್ತೆಯಿಟ್ಟು ಬಿಡಿಸಿಕೊಳ್ಳುವುದನ್ನೇ ಮರೆತಿದ್ದಳು. ಬೇರೆ ತಾಯಂದಿರು ಕಣ್ಸನ್ನೆಯಲ್ಲೂ ಹೇಳಲಾರದ ಅಂಗಗಳ ಹೆಸರುಗಳನ್ನು ಇವಳು ಮೈಕಿನಲ್ಲಿ, ಸಂತೆಯಲ್ಲಿ ತರಕಾರಿ ಕೂಗಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಮುಂದಿನ ಸಾಲಿನ ಹುಡುಗರು ಚಪ್ಪಲಿ ನೋಡಿಕೊಳ್ಳುತ್ತಿದ್ದರು, ಹುಡುಗಿಯರು ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಜೊತೆಗೆ ಬಂದ ಮೇಷ್ಟರು ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಗಿ ಹೊರಗೆ ಹೋಗುತ್ತಿದ್ದರು. ಪ್ರತಿ ಕಾರ್ಯಾಗಾರದ ಕೊನೆಗೂ ಅವಳದು ಒಂದೇ ಮಾತು: "ಅಂಗಡಿಗೆ ಹೋಗಿ, ತಲೆ ಎತ್ತಿ, ಬಾಯಿ ಬಿಟ್ಟು ಕೇಳಿ. ಸೋಪು ಕೇಳ್ದಂಗೆ ಕೇಳಿ. ನಾಚಿಕೊಂಡ್ರೋ, ಕೆಟ್ರಿ."

ಇಂಥ ಮೇಡಂ ನಲವತ್ಮೂರನೆಯ ವಯಸ್ಸಿನಲ್ಲಿ ಬಸುರಾದಳು.

ಮೊದಲು ಅವಳು ಅದನ್ನು ಮುಟ್ಟು ನಿಲ್ಲುವ ಕಾಲವೆಂದೇ ತಿಳಿದಳು. ಆ ವಿಷಯದ ಮೇಲೂ ಅವಳ ಬಳಿ ಬಣ್ಣದ ಚಾರ್ಟು ಇತ್ತು. ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಮೂಡಿದಾಗ ಗಂಡನನ್ನು ಕರೆದು ತೋರಿಸಿದಳು. ಗಂಡನಿಗೆ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ಕಬ್ಬಿಣದ ಸಲಾಕೆಯೊಂದನ್ನು ರಸ್ತೆಗೆ ಊರಿ, ಇನ್ನೊಂದು ತುದಿಗೆ ಕಿವಿಯಿಟ್ಟು, ನೆಲದೊಳಗಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುವವನು. ಜನ ಅವನನ್ನು ಸೋರಿಕೆ ಸಾಹೇಬ ಎನ್ನುತ್ತಿದ್ದರು. ಅವನು ಆ ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದ.

"ಎಲ್ಲೋ ಲೀಕ್ ಆಗಿದೆ," ಎಂದ.

ಬೀರುವಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ಕೆಳಗಿಳಿಯಿತು. ಕಾರ್ಯಾಗಾರಗಳಲ್ಲಿ ಮಿಕ್ಕ ಕಾಂಡೋಮ್ ಪೊಟ್ಟಣಗಳನ್ನು ಅವಳು ಮನೆಗೆ ತಂದು ಅದರಲ್ಲಿ ಹಾಕುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಹೆಂಡಿರಿಬ್ಬರೂ ಒಂದೇ ಒಂದು ಪೊಟ್ಟಣವನ್ನೂ ಅಂಗಡಿಯಲ್ಲಿ ಕೊಂಡವರಲ್ಲ. ಹತ್ತಿರದಲ್ಲಿದ್ದ ಔಷಧಿ ಅಂಗಡಿ ಗಂಡನ ಸೋದರಮಾವನದು. ಅಲ್ಲಿ ಹೋಗಿ ಸೋಪು ಕೇಳಿದಂತೆ ಕೇಳುವ ಎದೆ ಇಬ್ಬರಿಗೂ ಇರಲಿಲ್ಲ.

ಸಾಹೇಬ ಒಂದು ಪೊಟ್ಟಣವನ್ನು ದೀಪಕ್ಕೆ ಹಿಡಿದು ನೋಡಿದ. ನಡುವೆ ಸಣ್ಣ ಬೆಳಕಿನ ಚುಕ್ಕಿ. ಇನ್ನೊಂದರಲ್ಲೂ ಚುಕ್ಕಿ. ವೃತ್ತಿಯ ಅಭ್ಯಾಸ ಬಿಡಬೇಕಲ್ಲ, ಅಡುಗೆಮನೆಗೆ ಹೋಗಿ ಒಂದನ್ನು ಬಿಚ್ಚಿ ನಲ್ಲಿಗೆ ಹಿಡಿದು ನೀರು ತುಂಬಿಸಿದ. ದಾರದಷ್ಟು ತೆಳ್ಳಗಿನ ನೀರು ಚಿಮ್ಮಿ ಅವನ ಕನ್ನಡಕಕ್ಕೆ ಬಿತ್ತು.

"ಇದನ್ನ ಯಾರೇ ಚುಚ್ಚಿದ್ದು?"

ಮೇಡಂ ಹಣೆ ಚಚ್ಚಿಕೊಂಡಳು. ಚುಚ್ಚಿದ್ದು ಅವಳೇ. ಕಾರ್ಯಾಗಾರಕ್ಕೆ ಒಯ್ಯುವ ಥರ್ಮಾಕೋಲ್ ಹಲಗೆಯ ಮೇಲೆ ಗುಳಿಗೆ, ಕಾಪರ್-ಟಿ, ಕಾಂಡೋಮ್ ಎಲ್ಲವನ್ನೂ ಗುಂಡುಪಿನ್ನಿನಿಂದ ಸಿಕ್ಕಿಸಿ ಪ್ರದರ್ಶನಕ್ಕಿಡುತ್ತಿದ್ದಳು. ಹಲಗೆ ಹಳತಾದಾಗ ಕಿತ್ತ ಪೊಟ್ಟಣಗಳು ಚೀಲದ ಪಕ್ಕದ ಜೇಬಿಗೆ ಹೋಗಿದ್ದವು. ಆ ಜೇಬನ್ನು ಅವಳೇ ಡಬ್ಬಿಗೆ ಸುರಿದಿದ್ದಳು. ನೂರಾರು ಜನಕ್ಕೆ ಬುದ್ಧಿ ಹೇಳಿದ ಹಲಗೆ ಮನೆಯೊಡತಿಗೇ ಕೈಕೊಟ್ಟಿತ್ತು.

ಅಷ್ಟರಲ್ಲಿ ಅತ್ತೆ ನೀರು ಕುಡಿಯಲು ಬಂದರು. ಮಗನ ಕೈಯಲ್ಲಿ ನೀರು ಕಾರುತ್ತಿದ್ದುದನ್ನು ನೋಡಿದರು.

"ಏನೋ ಅದು, ಈ ವಯಸ್ಸಲ್ಲಿ ಬಲೂನಿನ ಆಟ?"

ವಿಷಯ ತಿಳಿದ ಮೇಲೆ ಅತ್ತೆ ಸ್ಟೂಲಿನ ಮೇಲೆ ಕುಸಿದು, ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. "ನಾನು ಐದು ಹೆತ್ತೆ ಕಣೇ. ನಮ್ ಕಾಲದಲ್ಲಿ ತೂತು ಹಾಕೋಣ ಅಂದ್ರೂ ಏನೂ ಇರ್ಲಿಲ್ಲ."

ವೈದ್ಯೆ ಎರಡೂ ದಾರಿಯನ್ನು ಬಿಡಿಸಿ ಹೇಳಿದಳು. ನಿಮ್ಮ ದೇಹ, ನಿಮ್ಮ ನಿರ್ಧಾರ ಎಂದಳು. ಆ ಮಾತನ್ನು ಮೇಡಂ ಎಷ್ಟೋ ಹೆಂಗಸರಿಗೆ ಹೇಳಿದ್ದಳು. ಮೇಜಿನ ಈಚೆ ಕುಳಿತು ಕೇಳುವವರೆಗೆ ಅದು ಇಷ್ಟು ಭಾರವಿದೆಯೆಂದು ಗೊತ್ತಿರಲಿಲ್ಲ. ಕೆಲವು ದಿನ ಯೋಚಿಸಿದಳು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ, ಈ ಮಗು ತನಗೆ ಬೇಕು, ಆಸೆಬುರುಕಿಯಂತೆ ಬೇಕು ಎಂದು ಅವಳಿಗೆ ತಿಳಿದುಹೋಯಿತು. ಸಾಹೇಬನಿಗೆ ಹೇಳಿದಳು. ಅವನು ಆ ದಿನ ಖುಷಿಯ ಗುಂಗಿನಲ್ಲಿ ಸಲಾಕೆಯನ್ನು ಬಸ್ಸಿನಲ್ಲೇ ಬಿಟ್ಟು ಬಂದ.

ಉಳಿದವಳು ಮಗಳು. ಡಿಗ್ರಿ ಓದುತ್ತಿದ್ದಳು, ಮೂಗಿನ ತುದಿಯಲ್ಲೇ ಸಿಟ್ಟು. ಚಿಕ್ಕಂದಿನಿಂದ 'ಬಾಳೆಹಣ್ಣಿನ ಮರಿ' ಎಂದು ಕರೆಸಿಕೊಂಡು ರೋಸಿಹೋಗಿದ್ದಳು. ಅಮ್ಮನ ಜೊತೆ ರಸ್ತೆಗೆ ಇಳಿದರೆ ಪರಿಚಯವಿಲ್ಲದವಳಂತೆ ಮುಂದೆ ಮುಂದೆ ನಡೆಯುವಳು. ಸುದ್ದಿ ಕೇಳಿದವಳೇ ಮೊದಲು ಅಮ್ಮನನ್ನು, ಆಮೇಲೆ ಅಪ್ಪನನ್ನು ನೋಡಿದಳು.

"ಅಂದ್ರೆ ನೀವಿಬ್ರೂ... ಇನ್ನೂ..."

"ಇನ್ನೂ ಏನು?" ಎಂದಳು ಮೇಡಂ. ಮೈಕಿನ ಮುಂದೆ ಏನನ್ನಾದರೂ ಹೇಳಬಲ್ಲ ಅವಳ ಕಿವಿ ಕೆಂಪಾಗಿತ್ತು.

"ಛೀ! ಬೇಡ, ಹೇಳ್ಬೇಡ!" ಮಗಳು ದಿಂಬಿನಿಂದ ಕಿವಿ ಮುಚ್ಚಿಕೊಂಡು ಕೋಣೆ ಸೇರಿದಳು. ಸಾಹೇಬ ಇಲ್ಲದ ಸೋರಿಕೆಯೊಂದನ್ನು ಹುಡುಕಿಕೊಂಡು ಹೊರಗೆ ಹೋದ.

ಆಮೇಲೆ ಮಗಳ ಮಾತೆಲ್ಲ ಅಜ್ಜಿಯ ಮೂಲಕ. "ಅಜ್ಜೀ, ಅವ್ರಿಗೆ ಹೇಳು, ಚಾರ್ಜರ್ ಕೊಡ್ಬೇಕು ಅಂತ." ಮೇಡಂ ಹೊರಗೆ ನಗುತ್ತಿದ್ದಳು, ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದಳು. ಹೊಟ್ಟೆಯೊಳಗಿನ ಮಗುವಿಗಾಗಿ ಎದುರಿಗಿರುವ ಮಗಳನ್ನು ಕಳೆದುಕೊಳ್ಳುತ್ತೇನೇನೋ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಹೊಟ್ಟೆ ಯಾವ ಉಡುಪಿಗೂ ಬಗ್ಗದಷ್ಟು ಬೆಳೆದಾಗ ಮಗಳ ಕಾಲೇಜಿನಲ್ಲೇ ಕಾರ್ಯಾಗಾರ ನಿಗದಿಯಾಯಿತು. ಕೇಂದ್ರದಲ್ಲಿ ಆ ಪಾಠ ಮಾಡುವವರು ಬೇರೆ ಯಾರೂ ಇರಲಿಲ್ಲ. ಮಗಳು ಅಂದು ಅಜ್ಜಿಯನ್ನು ದಾಟಿ ನೇರವಾಗಿ ಬಂದಳು.

"ಬರ್ಲೇಬೇಕಾ?"

"ಬರ್ಲೇಬೇಕು ಪುಟ್ಟಿ."

"ಹಾಗಾದ್ರೆ ಹೊಟ್ಟೆ ವಿಷಯ ಎತ್ಬಾರ್ದು. ಯಾರಾದ್ರೂ ಕೇಳಿದ್ರೆ ಬೇಕು ಅಂತಾನೇ ಮಾಡ್ಕೊಂಡಿದ್ದು ಅನ್ನು. ಪಿನ್ನಿನ ಕತೆ ನಿನ್ನ ಬಾಯಿಂದ ಬಂತೋ, ನಾನು ಚಿಕ್ಕಪ್ಪನ ಮನೆಗೆ ಹೋಗ್ತೀನಿ, ಮತ್ತೆ ಬರಲ್ಲ. ಆಣೆ ಇಡು."

"ನಿನ್ನಾಣೆ," ಎಂದಳು ಮೇಡಂ. ಅಷ್ಟು ದಿನಗಳ ಮೇಲೆ ಮಗಳು ತಾನಾಗಿ ಮಾತಾಡಿದ್ದಳು. ಇನ್ನೇನು ಕೇಳಿದ್ದರೂ ಅವಳು ಹೂಂ ಎನ್ನುತ್ತಿದ್ದಳು.

ಕಾಲೇಜಿನ ಸಭಾಂಗಣದಲ್ಲಿ ಫ್ಯಾನುಗಳು ಗರಗರ ಸದ್ದು ಮಾಡುತ್ತಿದ್ದವು. ಹಲಗೆಯ ಮೇಲೆ ಈ ಸಲ ಎಲ್ಲವನ್ನೂ ಅಂಟುಪಟ್ಟಿಯಲ್ಲಿ ಅಂಟಿಸಿದ್ದಳು. ಅವಳು ಮೇಜಿನ ಹಿಂದೆ ಹೊಟ್ಟೆ ಮರೆಸಿಕೊಂಡು ನಿಂತು ಕಣ್ಣಾಡಿಸಿದಳು. ಮಗಳು ಕೊನೆಯ ಸಾಲಿನಲ್ಲಿದ್ದಳು. ಪಕ್ಕದಲ್ಲಿ ಜಡೆ ಇಳಿಬಿಟ್ಟ ಗೆಳತಿ. ಅವರಿಬ್ಬರದು ಶಾಲೆಯಿಂದಲೂ ಒಂದೇ ಬೆಂಚು.

ಬಾಳೆಹಣ್ಣಿನ ಭಾಗ ಎಂದಿನಂತೆ ಕೇಕೆಯಲ್ಲಿ ಮುಗಿಯಿತು. ಮುಂದಿನ ಸಾಲಿನ ಹುಡುಗನೊಬ್ಬನ ಕೈಯಲ್ಲಿ ಕರಪತ್ರ ಕಂಡಾಗ ಅವಳ ಮಾತು ಅರ್ಧಕ್ಕೇ ನಿಂತಿತು. ಕೇಂದ್ರದಿಂದ ಕಳಿಸಿದ್ದ ಕರಪತ್ರದ ಮೂಲೆಗೆ, ಬಿಡಿಯಾಗಿ ಕಳಿಸಿದ್ದ ಪೊಟ್ಟಣವನ್ನು ಸ್ಟೇಪ್ಲರ್‌ನಿಂದ ಹೊಡೆದು ಕೂರಿಸಲಾಗಿತ್ತು. ಪಿನ್ನು ಬಿದ್ದಿದ್ದು ಪೊಟ್ಟಣದ ಸರಿಯಾಗಿ ನಡುಮಧ್ಯೆ.

"ಇದನ್ನ ಯಾರು ಮಾಡಿದ್ದು?"

ಬಾಗಿಲ ಬಳಿ ನಿಂತಿದ್ದ ಕಚೇರಿಯ ಗುಮಾಸ್ತರು ಎದೆ ಉಬ್ಬಿಸಿದರು. "ನಾನೇ ಮೇಡಂ. ಬೀಳ್ಬಾರ್ದು ಅಂತ ಎರಡೆರಡು ಪಿನ್ ಹೊಡ್ದಿದೀನಿ."

ಕರಪತ್ರಗಳು ಆಗಲೇ ಸಭಾಂಗಣವಿಡೀ ಹಂಚಿ ಹೋಗಿದ್ದವು. ಎಷ್ಟೋ ಕರಪತ್ರಗಳಲ್ಲಿ ಪಿನ್ನಿನ ಗುರುತು ಮಾತ್ರ ಉಳಿದಿತ್ತು. ಪೊಟ್ಟಣಗಳು ಜೇಬು, ಚೀಲ ಸೇರಿದ್ದವು.

"ಎಲ್ರೂ ವಾಪಸ್ ಕೊಡಿ. ಚುಚ್ಚಿರೋದು ಪ್ರಯೋಜನಕ್ಕೆ ಬರಲ್ಲ," ಎಂದಳು. ಒಂದು ಕೈಯೂ ಜೇಬಿನ ಕಡೆ ಹೋಗಲಿಲ್ಲ. ಬಿಟ್ಟಿ ಸಿಕ್ಕಿದ್ದನ್ನು, ಅದೂ ಅಂಗಡಿಯವನ ಮುಖ ನೋಡದೆ ಸಿಕ್ಕಿದ್ದನ್ನು, ಯಾರು ತಾನೇ ಬಿಟ್ಟುಕೊಡುತ್ತಾರೆ?

ಕನ್ನಡಕದ ಹುಡುಗನೊಬ್ಬ ಎದ್ದ. "ಅಷ್ಟು ಚಿಕ್ಕ ತೂತಿಂದ ಮಹಾ ಏನ್ ಆಗುತ್ತೆ ಮೇಡಂ?"

ಅವಳು ವೀರ್ಯಾಣುವಿನ ಗಾತ್ರ ಹೇಳಿದಳು, ರೋಗಾಣುವಿನ ಗಾತ್ರವನ್ನೂ ಹೇಳಿದಳು. ಯಾರೋ ಆಕಳಿಸಿದರು.

"ಪುಸ್ತಕದಲ್ಲಿ ಎಲ್ಲಾ ಇರುತ್ತೆ. ನಿಜವಾಗಿ ಯಾರಿಗಾದ್ರೂ ಆಗಿದ್ಯಾ?"

ಮೇಡಂ ಬಾಯಿ ತೆರೆದಳು. ಮಗಳಿಗಿಟ್ಟ ಆಣೆ ನೆನಪಾಯಿತು. ಹೊಟ್ಟೆಯ ಮೇಲೆ ಹೋಗುತ್ತಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಹೇಳಿದರೆ ಮಗಳು ಹೋಗುತ್ತಾಳೆ. ಹೇಳದಿದ್ದರೆ ಈ ಪೊಟ್ಟಣಗಳು ಹೀಗೇ ಮನೆಮನೆಗೆ ಹೋಗುತ್ತವೆ.

"ಆಗಿದೆ," ಎಂದಳು. "ನನಗೆ ಗೊತ್ತಿರೋ ಒಬ್ರಿಗೆ."

"ಓಹೋ, ಗೊತ್ತಿರೋ ಒಬ್ರು!" ಎಂದು ಯಾರೋ ರಾಗ ಎಳೆದರು. ಸಭಾಂಗಣ ಘೊಳ್ಳೆಂದು ನಕ್ಕಿತು. ಕನ್ನಡಕದವನು ಜೇಬು ತಟ್ಟಿಕೊಂಡು ಕುಳಿತ. ಮೇಡಂ ಮೈಕಿನ ಮುಂದೆ ಸೋತದ್ದು ಅದೇ ಮೊದಲು.

ಕೊನೆಯ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಮಗಳು ಎದ್ದು ನಿಂತಿದ್ದಳು, ಮುಖ ಕೆಂಪೇರಿ ಉರಿಯುತ್ತಿತ್ತು.

"ಏನಾಗುತ್ತೆ ಅಂದ್ರೆ," ಎಂದಳು, "ಇನ್ನು ನಾಲ್ಕು ತಿಂಗಳಿಗೆ ನನಗೆ ತಮ್ಮನೋ ತಂಗಿಯೋ ಆಗುತ್ತೆ."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು.

"ಆ ಗೊತ್ತಿರೋ ಒಬ್ರು ನಮ್ಮಮ್ಮ. ಅವ್ರದು ಒಂದೇ ಗುಂಡುಪಿನ್ನು. ನಿಮಗೆ ಎರಡೆರಡು ಹೊಡ್ದಿದಾರೆ, ಅವಳಿ ಆಗ್ಬೋದು."

"ಅವಳಿ ಮಕ್ಕಳಿಗೂ ತೂತಿನ ಲೆಕ್ಕಕ್ಕೂ ಸಂಬಂಧ ಇಲ್ಲ," ಎಂದಳು ಮೇಡಂ, ಅಭ್ಯಾಸಬಲದಿಂದ, ಮೈಕಿನಲ್ಲೇ.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆಯೇ ಪೊಟ್ಟಣಗಳು ಹೊರಬರತೊಡಗಿದವು. ಶರ್ಟಿನ ಜೇಬಿನಿಂದ, ಪರ್ಸಿನಿಂದ, ಒಬ್ಬನ ಸಾಕ್ಸಿನೊಳಗಿಂದ. ಜಡೆಯ ಗೆಳತಿ ತನ್ನ ಚೀಲದಿಂದ ಒಂದನ್ನು ತೆಗೆದು, ಕನ್ನಡಕದವನ ಕಡೆ ಕಣ್ಣು ಬಿಟ್ಟಳು. ಅವನು ತೆಪ್ಪಗೆ ಎದ್ದು ಬಂದು ತನ್ನದನ್ನು ಮೇಜಿನ ಮೇಲಿಟ್ಟ. ಎಲ್ಲರಿಗಿಂತ ಕೊನೆಗೆ ಗುಮಾಸ್ತರು ಬಂದು, ಆಚೀಚೆ ನೋಡಿ, ಅಂಗಿಯ ಒಳಜೇಬಿನಿಂದ ನಾಲ್ಕನ್ನು ತೆಗೆದಿಟ್ಟರು.

"ಮೇಡಂ, ನೀವು ಅಂಗಡೀಲಿ ತಗೋಬೋದಿತ್ತಲ್ಲ? ಸೋಪು ಕೇಳ್ದಂಗೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮೇಡಂ ಮಗಳ ಕಡೆ ನೋಡಿದಳು. ಮಗಳು ಭುಜ ಕುಣಿಸಿದಳು. ಇನ್ನೇನು ಉಳಿದಿದೆ, ಹೇಳು ಎನ್ನುವಂತೆ.

"ಅಂಗಡಿಯವ್ರು ಯಜಮಾನರ ಸೋದರಮಾವ," ಎಂದಳು. "ನಾಚಿಕೊಂಡ್ವಿ. ಕೆಟ್ವಿ." ಮೇಜಿನ ಹಿಂದಿನಿಂದ ಈಚೆ ಬಂದು ಹೊಟ್ಟೆ ತೋರಿಸಿದಳು. ಅಂಥ ಚಪ್ಪಾಳೆಯನ್ನು ಅವಳು ಯಾವ ಕಾಲೇಜಿನಲ್ಲೂ ಕೇಳಿರಲಿಲ್ಲ.

ಗೇಟಿನ ಹೊರಗೆ ಮಗಳು ಬಂದು ಹಲಗೆ ಚೀಲವನ್ನು ಅವಳ ಕೈಯಿಂದ ಕಿತ್ತುಕೊಂಡಳು. ಮುಂದೆ ಮುಂದೆ ಹೋಗದೆ ಪಕ್ಕದಲ್ಲೇ ನಡೆದಳು.

"ನಾನು ಆಣೆ ಮುರೀಲಿಲ್ಲ," ಎಂದಳು ಮೇಡಂ.

"ಗೊತ್ತು. ನನ್ನ ಪಕ್ಕ ಕೂತಿದ್ದವಳ ಚೀಲದಲ್ಲಿ ಒಂದಿತ್ತಮ್ಮ. ಬಾಯಿ ಮುಚ್ಕೊಂಡು ಕೂರಕ್ಕೆ ಆಗ್ಲಿಲ್ಲ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. "ಆದ್ರೂ ನನಗೆ ಇನ್ನೂ ನಾಚಿಕೆನೇ."

"ನನಗೂ," ಎಂದಳು ಮೇಡಂ. ಎಷ್ಟೋ ವರ್ಷಗಳಿಂದ ಯಾರಿಗೂ ಒಪ್ಪಿಕೊಳ್ಳದಿದ್ದ ಆ ಮಾತನ್ನು ಹೇಳಿದ್ದೇ ಅವಳಿಗೆ ಅಳು ಬಂತು, ನಲ್ಲಿ ತಿರುಗಿಸದೆಯೇ ಅತ್ತಳು.

ಬಸ್‌ಸ್ಟಾಪಿನಲ್ಲಿ ಇಡೀ ಕಾಲೇಜೇ ನೆರೆದಿತ್ತು. ಮಗಳು ಚೀಲಕ್ಕೆ ಕೈ ಹಾಕಿ ಪಾಠದ ಬಾಳೆಹಣ್ಣನ್ನು ತೆಗೆದಳು. ಎಲ್ಲರೆದುರಿಗೇ ಸುಲಿದಳು, ಒಂದು ಚೂರು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು, ಉಳಿದಷ್ಟನ್ನೂ ಅಮ್ಮನ ಕೈಗಿಟ್ಟಳು.

"ತಿನ್ನು," ಎಂದಳು. "ನೀವಿಬ್ರಿದ್ದೀರಲ್ಲ."