ಜರೂಷಕ್ಕ ಮುಟ್ಟಿದ ಮಗು

ಈಗ ಎಲ್ಲರೂ ತಪ್ಪನ್ನು ಸೈತಾನನ ಮೇಲೆ ಹಾಕುತ್ತಾರೆ. ಅವನು ನಮ್ಮ ಕಣ್ಣಿಗೆ ಮಣ್ಣೆರಚಿದನಂತೆ, ಅದಕ್ಕೇ ನಾವು ನೆರೆಯವರನ್ನು ಮಾಟಗಾರರೆಂದು ನೇಣಿಗೆ ಕಳಿಸಿದೆವಂತೆ. ಪಾದ್ರಿಗಳು ಒಂದು ಉಪವಾಸದ ದಿನ ಗೊತ್ತು ಮಾಡಿದರು, ಎಲ್ಲರೂ ತಲೆ ತಗ್ಗಿಸಿ ಅತ್ತರು, ಸಂಜೆ ಮನೆಗೆ ಹೋಗಿ ಉಂಡರು. ಮುಗಿಯಿತು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಜರೂಷಕ್ಕನ ವಿಷಯದಲ್ಲಿ ಸೈತಾನನಿಗೆ ಕೆಲಸವೇ ಇರಲಿಲ್ಲ. ನಾನೊಬ್ಬಳೇ ಸಾಕಾಗಿದ್ದೆ.

ನನ್ನ ಮಗಳು ಬೆಥಾಯ ಹುಟ್ಟಿದಾಗ ನನಗೆ ಬಾಣಂತಿ ಜ್ವರ ಬಂತು. ಬದುಕುತ್ತೇನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಪಕ್ಕದ ಹೊಲದ ಜರೂಷಕ್ಕನ ಕೂಸು ಅದೇ ವಾರ ತೀರಿಕೊಂಡಿತ್ತು. ಎದೆಯಲ್ಲಿ ಹಾಲು ಕಟ್ಟಿ ನರಳುತ್ತಿದ್ದ ಆ ಹೆಂಗಸು ನನ್ನ ಮಗುವನ್ನು ಎತ್ತಿಕೊಂಡು ಹೋಗಿ ಹತ್ತು ತಿಂಗಳು ಹಾಲೂಡಿಸಿದಳು. ವಾಪಸು ತಂದುಕೊಟ್ಟ ದಿನ ಮಗು ನನ್ನ ಕೈಯಲ್ಲಿ ಕಿರುಚಿ ನೀಲಿಯಾಯಿತು, ಅವಳ ಕಡೆಗೇ ಎರಡೂ ಕೈ ಚಾಚಿತು.

"ತಗೋ ನಿನ್ನ ಸೊತ್ತು" ಅಂದಳು ಜರೂಷಕ್ಕ, ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ. "ಹಾಲು ನಂದಾದ್ರೂ ಗಂಟಲು ಮಾತ್ರ ನಿಂದೇ ಕಣೆ."

ನಾನೂ ನಕ್ಕೆ. ನೀನು ಇಲ್ಲದಿದ್ದರೆ ಮಗು ಉಳೀತಿರಲಿಲ್ಲ ಅಕ್ಕ ಅಂದೆ. ಒಳಗೆ ಮಾತ್ರ ಹೊಟ್ಟೆಗೆ ಕೆಂಡ ಸುರಿದ ಹಾಗಾಗಿತ್ತು. ಆ ಮಗು ದೊಡ್ಡದಾದಮೇಲೂ ಬಿದ್ದರೆ, ಪೆಟ್ಟಾದರೆ, ಬೇಲಿ ದಾಟಿ ಅವಳ ಹತ್ತಿರವೇ ಓಡುತ್ತಿತ್ತು. ನಾನು ಬೇಲಿಯ ಈಚೆ ನಿಂತು ನೋಡುತ್ತಿದ್ದೆ.

ಬೆಥಾಯಳಿಗೆ ಹನ್ನೆರಡಾದ ವರ್ಷ ಮಸಾಚುಸೆಟ್ಸ್‌ನ ನಮ್ಮ ಮೂಲೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಉತ್ತರದಲ್ಲಿ ಈ ನೆಲದ ಮೂಲನಿವಾಸಿ ಇಂಡಿಯನ್ನರ ಜೊತೆ ಯುದ್ಧ. ಸುಟ್ಟುಹೋದ ಊರುಗಳಿಂದ ಓಡಿಬಂದವರು ನಮ್ಮ ಒಲೆ ಮುಂದೆ ಕೂತು ಕಂಡದ್ದು ಕಾಣದ್ದು ಎಲ್ಲ ಹೇಳುತ್ತಿದ್ದರು. ಸಿಡುಬು ಬೇರೆ. ಪಾದ್ರಿಗಳು ವಾರವಾರವೂ, "ಸೈತಾನ ಕಾಡಲ್ಲಿಲ್ಲ, ಈ ಬೆಂಚುಗಳ ಮೇಲೇ ಕೂತಿದ್ದಾನೆ" ಅನ್ನುತ್ತಿದ್ದರು. ನಾವು ಪಕ್ಕದವರ ಮುಖ ನೋಡುತ್ತಿದ್ದೆವು. ಅಷ್ಟರಲ್ಲಿ ಪಾದ್ರಿಗಳ ಮನೆ ಕೆಲಸದ ಹುಡುಗಿಗೆ ಮೈ ಸೆಟೆದುಕೊಳ್ಳತೊಡಗಿತು. ತಿಂಗಳೊಳಗೆ ಐದು ಹುಡುಗಿಯರಿಗೆ ಹಾಗೇ ಆಯಿತು. ಐದನೆಯವಳು ನನ್ನ ಬೆಥಾಯ.

ಪಾದ್ರಿಗಳು ನಮ್ಮನೆಗೆ ಬಂದು ಹಾಸಿಗೆ ಪಕ್ಕ ಮೊಣಕಾಲೂರಿದರು. "ಯಾರಮ್ಮಾ ಮಾಟ ಮಾಡಿ ನಿನ್ನ ಹಿಂಡ್ತಿರೋದು? ಹೆಸರು ಹೇಳು" ಅಂತ ಮೂರು ದಿನ ಕೇಳಿದರು. ಮಗು ಒಂದು ಹೆಸರೂ ಹೇಳಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು.

"ನಿಮ್ಮನ್ನ ಕಂಡ್ರೆ ಆಗದೋರು ಯಾರಾದ್ರೂ ಇದ್ದಾರಾ ತಾಯಿ?"

"ಆಗದೋರು ಅಂತ ಯಾರೂ ಇಲ್ಲ ಅಯ್ಯನವರೇ" ಅಂದೆ. "ಆದ್ರೆ ಆ ಜರೂಷಕ್ಕ ಮುಟ್ಟಿದ ಮೇಲೆ ಈ ಮಗು ನನ್ನ ಕೈಲಿ ಯಾವತ್ತೂ ಸುಮ್ಮನಾಗಿಲ್ಲ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ನೋಡಿ. ಪಾದ್ರಿಗಳು ಬರೆದುಕೊಂಡರು. ಹಾಸಿಗೆಯ ಮೇಲಿದ್ದ ಮಗು ಕೇಳಿಸಿಕೊಂಡಿತು. ಮಾರನೆಯ ದಿನ ಮೈ ಸೆಟೆದಾಗ ಅದರ ಬಾಯಿಂದ ಬಂದದ್ದು ಅದೇ ಹೆಸರು.

ಜರೂಷಕ್ಕನಿಗೆ ಬೇಡಿ ಹಾಕಿ ಒಯ್ದರು ಅಂತ ಕೇಳಿ ನನ್ನ ಗಂಡ ಎಫ್ರಾಯಿಮ್ ಗಂಜಿ ಬಟ್ಟಲು ಕೆಳಗಿಟ್ಟರು. "ಹಾಲು ಕೊಟ್ಟೋಳು ಕಣೇ ಅವಳು. ಯಾರಾದ್ರೂ ಹೇಳ್ಬೇಡವಾ?"

"ನೀವೇ ಹೋಗಿ ಹೇಳಿ" ಅಂದೆ.

ಮಾಟದ ಆರೋಪ ಹೊತ್ತ ತನ್ನ ತಂಗಿಯ ಪರವಾಗಿ ಮಾತಾಡಿದ ಒಬ್ಬಾತನನ್ನು ಹಿಂದಿನ ವಾರವಷ್ಟೇ ಅವಳ ಜೊತೆಗೇ ಸರಪಳಿ ಹಾಕಿ ಸೆರೆಯಲ್ಲಿ ಕೂಡಿಹಾಕಿದ್ದರು. ಎಫ್ರಾಯಿಮ್ ಬೂಟು ಹಾಕಿಕೊಂಡು ಕೊಟ್ಟಿಗೆಗೆ ಹೋದರು.

ವಿಚಾರಣೆ ನಮ್ಮ ಪ್ರಾರ್ಥನಾ ಮಂದಿರದಲ್ಲೇ ನಡೆಯಿತು. ಪಟ್ಟಣದಿಂದ ಬಂದ ನ್ಯಾಯಾಧೀಶರದ್ದು ಒಂದು ಪರೀಕ್ಷೆ ಇತ್ತು. ಮಾಟಗಾತಿಯ ಕಣ್ಣಿಂದ ಹೊರಟ ವಿಷ ಅವಳ ಕೈ ತಾಗಿದರೆ ಅವಳೊಳಕ್ಕೇ ಹಿಂತಿರುಗುತ್ತದೆ, ನರಳುವವಳು ತಟ್ಟನೆ ಸುಮ್ಮನಾಗುತ್ತಾಳೆ. ಸುಮ್ಮನಾದರೆ ಮುಟ್ಟಿದವಳು ಮಾಟಗಾತಿ. ಇದು ಊರಿಗೆಲ್ಲ ಗೊತ್ತಿತ್ತು. ಜರೂಷಕ್ಕನಿಗೂ ಗೊತ್ತಿತ್ತು.

ಅವಳನ್ನು ಒಳಗೆ ತಂದ ಕೂಡಲೇ ಬೆಥಾಯ ನೆಲಕ್ಕೆ ಬಿದ್ದಳು. ತಲೆ ಹಲಗೆಗೆ ಬಡಿಯುತ್ತಿತ್ತು. ಮುಟ್ಟು ಅಂದರು ನ್ಯಾಯಾಧೀಶರು. ಜರೂಷಕ್ಕ ಹಗ್ಗ ಕಟ್ಟಿದ್ದ ಕೈ ಮುಂದೆ ಚಾಚಿದಳು.

"ಹಗ್ಗ ಬಿಚ್ಚಿ."

"ಯಾಕೆ?"

"ಕಟ್ಟಿದ ಕೈಲಿ ಮಗು ಹಿಡಿಯೋಕಾಗಲ್ಲ ಸ್ವಾಮಿ. ಮುಟ್ಟಿದ್ರೂ ನೇಣು, ಮುಟ್ಟದಿದ್ರೂ ನೇಣು. ಅದರ ತಲೆ ಒಡೆಯೋಕೆ ಮುಂಚೆ ಬಿಚ್ಚಿ."

ಬಿಚ್ಚಿದರು. ಅವಳು ನೆಲದ ಮೇಲೆ ಕೂತು ಮಗುವಿನ ತಲೆ ತೊಡೆಯ ಮೇಲಿಟ್ಟುಕೊಂಡು, ಕತ್ತಿನ ಹಿಂದೆ ಅಂಗೈ ಕೊಟ್ಟು, "ಆಯ್ತು ಕಂದ, ಆಯ್ತು" ಅಂದಳು. ಬೆಥಾಯಳ ಬಿಗಿದ ಮುಷ್ಟಿ ಬಿಚ್ಚಿಕೊಂಡಿತು. ಅವಳು ಉದ್ದಕ್ಕೆ ಉಸಿರುಬಿಟ್ಟು ಜರೂಷಕ್ಕನ ಹೊಟ್ಟೆಗೆ ಮುಖ ಒತ್ತಿಕೊಂಡು ಮಲಗಿದಳು. ಮಂದಿರದಲ್ಲಿ ಗುಸುಗುಸು ಎದ್ದಿತು.

"ತಾಯಿ ಯಾರು?" ನ್ಯಾಯಾಧೀಶರು ಕೇಳಿದರು. ನಾನು ಎದ್ದು ನಿಂತೆ. "ಈ ಹೆಂಗಸಿನ ಕೈಗೆ ನಿನ್ನ ಮಗಳು ಮೊದಲೂ ಹೀಗೆ ಸುಮ್ಮನಾಗಿದ್ದುಂಟೋ?"

ಜರೂಷಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ, ಕಾಯುತ್ತಾ ನೋಡಿದಳು. ಹಾಲಿನ ವಿಷಯ ಗೊತ್ತಿದ್ದ ಹತ್ತು ಹೆಂಗಸರಾದರೂ ಆ ಬೆಂಚುಗಳ ಮೇಲಿದ್ದರು. ಗೊತ್ತಿಲ್ಲದಿದ್ದವರು ನ್ಯಾಯಾಧೀಶರು ಮಾತ್ರ. ನಾನೊಂದು ಮಾತು ಹೇಳಿದ್ದರೆ ಅವಳು ಉಳಿಯುತ್ತಿದ್ದಳೋ ಇಲ್ಲವೋ ದೇವರಿಗೇ ಗೊತ್ತು.

"ಉಂಟು ಸ್ವಾಮಿ" ಅಂದೆ. "ಕೂಸಾಗಿದ್ದಾಗಿನಿಂದ."

ಹೇಳಿ ಕೂತುಬಿಟ್ಟೆ. ಪಕ್ಕದಲ್ಲಿ ಎಫ್ರಾಯಿಮ್ ಟೋಪಿ ತಿರುಗಿಸುತ್ತಾ ಕೂತಿದ್ದರು. ಹೆದರಿಕೆ ಇತ್ತು, ಇರಲಿಲ್ಲ ಅನ್ನಲಾರೆ. ಆದರೆ ಹೆದರಿಕೆಗಿಂತ ಮೊದಲು ನನ್ನ ಬಾಯಿ ಕಟ್ಟಿದ್ದು ಅವಳ ತೊಡೆಯ ಮೇಲೆ ನೆಮ್ಮದಿಯಾಗಿ ಮಲಗಿದ್ದ ನನ್ನ ಮಗಳು. ಜುಲೈ ತಿಂಗಳಲ್ಲಿ ಜರೂಷಕ್ಕನನ್ನು ಗುಡ್ಡದ ಮೇಲೆ ನೇಣಿಗೆ ಹಾಕಿದರು.

ಅವಳು ಸತ್ತರೆ ಮಗುವಿಗೆ ವಾಸಿಯಾಗುತ್ತದೆ ಅಂದಿದ್ದರು. ಆಗಲಿಲ್ಲ. ನೇಣಿಗೆ ಹಾಕಿದ ವಾರದ ಭಾನುವಾರವೇ ಪಾದ್ರಿಗಳ ಪ್ರಸಂಗದ ಮಧ್ಯೆ ಬೆಥಾಯ ಬೆಂಚಿನಿಂದ ಉರುಳಿದಳು. ನಾನು ಯೋಚನೆ ಮಾಡಲಿಲ್ಲ. ನೆಲಕ್ಕೆ ಕೂತು ತಲೆ ತೊಡೆಗೆ ತಗೊಂಡು, ಕತ್ತಿನ ಹಿಂದೆ ಅಂಗೈ ಕೊಟ್ಟು, ಆಯ್ತು ಕಂದ, ಆಯ್ತು ಅಂದೆ. ನಡುಕ ನಿಂತಿತು. ಮುಷ್ಟಿ ಬಿಚ್ಚಿ ನನ್ನ ಲಂಗದ ಅಂಚು ಹಿಡಿದುಕೊಂಡಳು. "ಅಮ್ಮ" ಅಂದಳು. ಹುಟ್ಟಿದಂದಿನಿಂದ ಆ ಮಗು ನನ್ನ ಕೈಯಲ್ಲಿ ಸುಮ್ಮನಾದದ್ದು ಅದೇ ಮೊದಲು. ನನಗೆ ಅಳು ಒತ್ತಿ ಬಂತು.

ಆಮೇಲೆ ಗಮನಿಸಿದೆ, ಪಾದ್ರಿಗಳ ಮಾತು ನಿಂತುಹೋಗಿತ್ತು. ತಲೆಯೆತ್ತಿದೆ. ಬೆಂಚುಗಳ ಮೇಲಿದ್ದವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು.

ನಾನು ಕೈ ಎಳೆದುಕೊಂಡೆ. ಮಗುವಿನ ತಲೆ ಹಲಗೆಗೆ ಬಡಿಯಿತು.