ಮಾವನ ಕೆಮ್ಮು

ಬ್ಯಾಟರಿಯನ್ನು ತಪ್ಪಿಲ್ಲದೆ ಚಾರ್ಜ್ ಮಾಡಿದವರಿಗಷ್ಟೇ ಕಾರಿನ ಕೀ ಎಂಬುದು ಮಾವನ ಕಾನೂನು. ತಪ್ಪು ಕಂಡರೆ ಅವರು ಬೈಯುವುದಿಲ್ಲ, ಕೆಮ್ಮುತ್ತಾರೆ. ಸ್ವಂತ ಮಗನೇ ಮೂರು ಕೆಮ್ಮು ತಿಂದು ಇವತ್ತಿಗೂ ಬಸ್ಸಿನಲ್ಲಿ ಓಡಾಡುತ್ತಾನೆ. ಆದರೆ ಸೊಸೆಗೆ ಕಾರು ಬೇಕೇ ಬೇಕಿತ್ತು. ಅವಳ ಹೊಸ ಕೆಲಸದ ಜಾಗಕ್ಕೆ ಬಸ್ಸೇ ಇರಲಿಲ್ಲ.

ಅವಳು ಮೊದಲು ಶೆಡ್ಡಿನ ಬಾಗಿಲು ತೆರೆದು ಗಾಳಿಯಾಡಲು ಬಿಟ್ಟಳು. ಕೆಂಪು ಕ್ಲಿಪ್ಪನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಕಚ್ಚಿಸಿ, ಆಮೇಲಷ್ಟೇ ಚಾರ್ಜರಿನ ಸ್ವಿಚ್ ಹಾಕಿದಳು. ಮಾವ ಸ್ಟೂಲಿನ ಮೇಲೆ ಕೂತು ರೆಪ್ಪೆ ಮಿಟುಕಿಸದೆ ನೋಡಿದರು.

ಸಂಜೆ ಹಸಿರು ದೀಪ ಹತ್ತಿತು. ಅವಳು ಬಂದು ಕ್ಲಿಪ್ಪಿಗೆ ಕೈಹಾಕಿದ್ದೇ ತಡ, ಮಾವ ಕೆಮ್ಮಿದರು.

"ಸ್ವಿಚ್ ಆಫ್ ಮಾಡೇ ಬಂದಿದೀನಿ ಮಾವ, ಕಿಡಿ ಹಾರಲ್ಲ. ಬೇಕಾದ್ರೆ ನೋಡಿ."

ಮಾವ ಗೋಡೆಯ ಸ್ವಿಚ್ಚಿನತ್ತ ನೋಡಿದರು. ಹೌದು, ಆಫ್ ಆಗಿತ್ತು.

"ಇದು ಗಂಟಲಿನ ಕೆಮ್ಮು ಕಣಮ್ಮ," ಎಂದು ಜೇಬಿನಿಂದ ಕೀ ತೆಗೆದು ಕೊಟ್ಟರು.